ಬಾಂಬರು ವಿಮಾನದ ಏಳು ಮಂದಿ

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸೇನಾಪತಿಗಳ ಉಪಾಯಗಳನ್ನೂ, ಗೆದ್ದ ಪಟ್ಟಣಗಳ ಹೆಸರುಗಳನ್ನೂ, ಕೌಲುಗಳ ಷರತ್ತುಗಳನ್ನೂ ಮುಂದಿಟ್ಟುಕೊಂಡು ಬರೆಯುತ್ತಾರೆ. ಅದು ತಪ್ಪೆಂದು ಹೇಳುವಂತಿಲ್ಲ. ಆದರೆ ಅದೇ ಯುದ್ಧಕ್ಕೆ ಮತ್ತೊಂದು ಬಗೆಯ ದಾಖಲೆಯೂ ಇರುತ್ತದೆ. ಅದು ಅಂಚೆಯವನು ಮನೆಯ ಬಾಗಿಲಿಗೆ ತಂದುಕೊಟ್ಟ ಕಾಗದ. ಇಲ್ಲವೆ ಸೈಕಲ್ಲಿನ ಮೇಲೆ ಬಂದ ಹುಡುಗನು ಕೈಯಲ್ಲಿಟ್ಟು ಹೋದ ತಂತಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಸೇನೆಯ ಬಾಂಬರು ವಿಮಾನಗಳಲ್ಲಿ ಹಾರಿದವರ ಬಾಳನ್ನು ತಿಳಿಯಬೇಕಾದರೆ ಈ ಎರಡು ಬಗೆಯ ದಾಖಲೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು. ಒಂದು ಅವರನ್ನು ಸಾವಿರಗಳಲ್ಲಿ ಎಣಿಸುತ್ತದೆ. ಇನ್ನೊಂದು ಒಬ್ಬೊಬ್ಬರನ್ನಾಗಿ ಎಣಿಸುತ್ತದೆ.

ಮೊದಲು ಸಾವಿರಗಳ ಲೆಕ್ಕವನ್ನು ನೋಡೋಣ. ಬಾಂಬರ್ ಕಮಾಂಡ್ ಎಂಬ ವಿಭಾಗವು ೧೯೩೬ರಲ್ಲಿ ಏರ್ಪಟ್ಟಿತು. ೧೯೩೯ರಿಂದ ೧೯೪೫ರ ವರೆಗೆ ಅದರ ವಿಮಾನಗಳಲ್ಲಿ ಸೇವೆಮಾಡಿದವರು ಸುಮಾರು ೧,೨೫,೦೦೦ ಮಂದಿ. ಅವರಲ್ಲಿ ೫೫,೦೦೦ಕ್ಕೂ ಮೇಲ್ಪಟ್ಟು ಜನ ಸತ್ತರು; ಸುಮಾರು ೧೦,೦೦೦ ಮಂದಿ ಸೆರೆಸಿಕ್ಕಿದರು; ೮,೦೦೦ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಎಂದರೆ ನೂರಕ್ಕೆ ನಲವತ್ತನಾಲ್ಕು ಜನ ಪ್ರಾಣವನ್ನೇ ತೆತ್ತರು. ಇವರಲ್ಲಿ ಬಲಾತ್ಕಾರದಿಂದ ವಿಮಾನವನ್ನು ಹತ್ತಿಸಲ್ಪಟ್ಟವರು ಒಬ್ಬರೂ ಇಲ್ಲ. ಎಲ್ಲರೂ ತಾವಾಗಿ ಒಪ್ಪಿ ಬಂದವರು. ಇಂಗ್ಲೆಂಡಿನವರ ಜೊತೆಗೆ ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಂದ ಬಂದವರೂ, ತಮ್ಮ ದೇಶವನ್ನು ಕಳೆದುಕೊಂಡ ಪೋಲೆಂಡು, ಚೆಕೊಸ್ಲೊವಾಕಿಯಗಳವರೂ, ಭಾರತದಿಂದ ಹೋದ ಕೆಲವರೂ ಅಲ್ಲಿದ್ದರು. ಬಹುಮಂದಿಗೆ ವಯಸ್ಸು ಇಪ್ಪತ್ತರ ಆಚೆ ಈಚೆ.

ಇವರು ರಾತ್ರಿಯ ಹೊತ್ತು ಹಾರತೊಡಗಿದುದಕ್ಕೆ ಕಾರಣವುಂಟು. ಯುದ್ಧವು ಘೋಷಿತವಾದ ಮರುದಿನ, ೧೯೩೯ನೆಯ ಸೆಪ್ಟೆಂಬರ್ ೪ರಂದು, ಜರ್ಮನರ ಯುದ್ಧನೌಕೆಗಳ ಮೇಲೆ ಹಗಲಿನಲ್ಲಿಯೇ ಮೊದಲನೆಯ ದಾಳಿ ನಡೆಯಿತು. ಆ ದಾಳಿಯಲ್ಲಿ ಮುಂದಾಗಿ ಹೋದ ದಳಗಳಲ್ಲಿ ಒಂದಾದ ೧೧೦ನೆಯ ಸ್ಕ್ವಾಡ್ರನ್ನಿಗೆ 'ಹೈದರಾಬಾದ್' ಎಂಬ ಹೆಸರಿತ್ತು. ಹಿಂದಿನ ಮಹಾಯುದ್ಧದಲ್ಲಿ ಅದರ ಮೊದಲ ವಿಮಾನಗಳನ್ನು ನಿಜಾಮರು ಕಾಣಿಕೆಯಾಗಿ ಕೊಟ್ಟುದರಿಂದ ಈ ಹೆಸರು ಬಂದಿತು. ಕಲಬುರ್ಗಿ, ರಾಯಚೂರು, ಬೀದರಗಳನ್ನು ಒಳಗೊಂಡಿದ್ದ ಸಂಸ್ಥಾನದ ಹೆಸರು ಹೀಗೆ ಉತ್ತರಸಮುದ್ರದ ಮೇಲೆ ಹಾರಿತು. (ಮೈಸೂರಿನ ಹೆಸರನ್ನೂ ಗಂಡಭೇರುಂಡದ ಲಾಂಛನವನ್ನೂ ಧರಿಸಿ ೧೯೪೧ರಲ್ಲಿ ಏರ್ಪಟ್ಟ ೧೨೯ನೆಯ ಸ್ಕ್ವಾಡ್ರನ್ ಬಾಂಬರುಗಳದಲ್ಲ, ಸ್ಪಿಟ್‌ಫೈರ್ ಎಂಬ ಕಾದಾಟದ ವಿಮಾನಗಳದು.) ಆ ಮೊದಲ ದಿನವೇ ಹೋದ ಇಪ್ಪತ್ತೊಂಬತ್ತು ವಿಮಾನಗಳಲ್ಲಿ ಏಳು ಹಿಂತಿರುಗಲಿಲ್ಲ. ಅದೇ ವರುಷದ ಡಿಸೆಂಬರ್ ೧೮ರಂದು ಹೆಲಿಗೊಲೆಂಡ್ ಕೊಲ್ಲಿಯ ಬಳಿ ಇಪ್ಪತ್ತೆರಡು ವೆಲಿಂಗ್ಟನ್ ವಿಮಾನಗಳು ಶತ್ರುವಿಗೆ ಎದುರಾದುವು, ಹನ್ನೆರಡು ಹಾಳಾದುವು. ಹಗಲಿನಲ್ಲಿ ಬಾಂಬರು ವಿಮಾನವು ತನ್ನನ್ನು ತಾನೇ ಕಾಪಾಡಿಕೊಳ್ಳಬಲ್ಲುದೆಂಬ ನಂಬಿಕೆ ಆ ದಿನ ಮುರಿದುಬಿತ್ತು. ಕತ್ತಲೆಯೇ ಗುರಾಣಿಯಾಯಿತು.

ಆದರೆ ಕತ್ತಲೆಯು ಕಾಪಾಡುವಂತೆಯೇ ಕಣ್ಣನ್ನೂ ಕಟ್ಟುತ್ತದೆ. ವಿಮಾನದಿಂದ ತೆಗೆದ ಛಾಯಾಚಿತ್ರಗಳನ್ನು ಪರೀಕ್ಷಿಸಿ ೧೯೪೧ರ ಆಗಸ್ಟಿನಲ್ಲಿ ಬಟ್ ಎಂಬ ಅಧಿಕಾರಿಯು ಒಪ್ಪಿಸಿದ ವರದಿಯಂತೆ, ಗುರಿಯನ್ನು ಹೊಡೆದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಗುರಿಯ ಐದು ಮೈಲಿಯೊಳಕ್ಕೆ ಬಂದುವು ಮೂರರಲ್ಲಿ ಒಂದು ಪಾಲು ಮಾತ್ರ. ಒಂದು ಕಾರ್ಖಾನೆಯನ್ನು ಹುಡುಕಿ ಹೊಡೆಯಲಾಗದಿದ್ದರೆ ಊರನ್ನೇ ಹೊಡೆಯುವುದೆಂಬ ನೀತಿಯು ೧೯೪೨ರ ಫೆಬ್ರವರಿ ೧೪ರ ಆಜ್ಞೆಯಲ್ಲಿ ಸ್ಪಷ್ಟವಾಯಿತು. ಶತ್ರುದೇಶದ ಜನರ, ಅದರಲ್ಲಿಯೂ ಕಾರ್ಖಾನೆಗಳ ಕೂಲಿಗಾರರ, ಧೈರ್ಯವನ್ನು ಮುರಿಯುವುದು ಅದರ ಉದ್ದೇಶ. ಅದೇ ತಿಂಗಳಲ್ಲಿ ಆರ್ಥರ್ ಹ್ಯಾರಿಸ್ ಈ ವಿಭಾಗದ ಮುಖ್ಯಾಧಿಕಾರಿಯಾದನು. ಮರುತಿಂಗಳು ಲ್ಯಾಂಕಾಸ್ಟರ್ ಎಂಬ ನಾಲ್ಕು ಎಂಜಿನುಗಳ ದೊಡ್ಡ ವಿಮಾನವು ಕೆಲಸಕ್ಕೆ ಬಂದಿತು. ರೆಕ್ಕೆಯ ತುದಿಯಿಂದ ತುದಿಗೆ ೧೦೨ ಅಡಿಯಿದ್ದ ಈ ವಿಮಾನದೊಳಗೆ ಏಳು ಮಂದಿಗೆ ಸ್ಥಳವಿತ್ತು.

ಆ ಏಳು ಮಂದಿ ಯಾರು? ಮೊದಲನೆಯವನು ವಿಮಾನವನ್ನು ನಡೆಸುವ ಪೈಲಟ್. ಅವನ ಬಲಗಡೆ ಎಂಜಿನುಗಳನ್ನೂ ಪೆಟ್ರೋಲಿನ ಲೆಕ್ಕವನ್ನೂ ನೋಡಿಕೊಳ್ಳುವ ಎಂಜಿನಿಯರ್. ಹಿಂದೆ ಪರದೆಯ ಮರೆಯಲ್ಲಿ ಸಣ್ಣ ದೀಪದಡಿ ನಕ್ಷೆಯನ್ನು ಹರಡಿಕೊಂಡು ದಾರಿಯನ್ನು ಗುಣಿಸುವ ನ್ಯಾವಿಗೇಟರ್. ಅವನ ಬಳಿ ನಿಸ್ತಂತು ಯಂತ್ರದವನು. ಮೂಗಿನ ಭಾಗದಲ್ಲಿ ಬೋರಲಾಗಿ ಮಲಗಿ ಗುರಿ ನೋಡಿ ಬಾಂಬುಗಳನ್ನು ಬಿಡುವವನು. ಬೆನ್ನಿನ ಮೇಲೆ ಒಬ್ಬ ಬಂದೂಕಿನವನು, ಬಾಲದ ತುದಿಯ ಗಾಜಿನ ಗೂಡಿನಲ್ಲಿ ಇನ್ನೊಬ್ಬ. ಬಾಲದವನ ಪಾಡು ಎಲ್ಲರಿಗಿಂತಲೂ ಕಷ್ಟ. ಏಳೆಂಟು ಗಂಟೆಗಳ ಕಾಲ ಅವನು ಒಬ್ಬನೇ, ಬಂದ ದಾರಿಯ ಕಡೆಗೆ ಮುಖಮಾಡಿ ಕುಳಿತಿರಬೇಕು. ಚಳಿಯು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿಳಿಯುವುದುಂಟು. ವಿದ್ಯುತ್ತಿನಿಂದ ಕಾಯುವ ಅಂಗಿ ಕೆಟ್ಟರೆ ಕೈಬೆರಳು ಮರಗಟ್ಟಿತು. ಪ್ಯಾರಾಚೂಟನ್ನು ಒಳಗಿಟ್ಟುಕೊಳ್ಳಲು ಎಡೆಯಿಲ್ಲದೆ ಅದನ್ನು ಗೂಡಿನ ಬಾಗಿಲ ಹಿಂದೆ ತೂಗಹಾಕಿರುತ್ತಿದ್ದರು.

ಈ ಜನರನ್ನು ಒಂದುಗೂಡಿಸಿದ ರೀತಿ ಸ್ವಾರಸ್ಯವಾದುದು. ಎಲ್ಲವನ್ನೂ ನಿಯಮದಿಂದ ನಡೆಸುವ ಸೈನ್ಯವು ಇದೊಂದನ್ನು ಮಾತ್ರ ನಿಯಮಕ್ಕೆ ಬಿಡಲಿಲ್ಲ. ತರಬೇತಿನ ಠಾಣೆಯಲ್ಲಿ ಪೈಲಟ್ಟುಗಳು, ನ್ಯಾವಿಗೇಟರುಗಳು, ಬಂದೂಕಿನವರು ಮುಂತಾದವರನ್ನು ಸಮಸಂಖ್ಯೆಯಲ್ಲಿ ಒಂದು ದೊಡ್ಡ ಕೊಟ್ಟಿಗೆಯೊಳಗೆ ಸೇರಿಸಿ, ನಿಮ್ಮ ನಿಮ್ಮ ಜೊತೆಗಾರರನ್ನು ನೀವೇ ಆರಿಸಿಕೊಳ್ಳಿ ಎಂದು ಹೇಳಿ ಅಧಿಕಾರಿಗಳು ಹೊರಟುಹೋಗುತ್ತಿದ್ದರು. ಜಾತಕಗಳನ್ನು ತಿರುವಿಹಾಕಿ ಸಂಬಂಧ ಗೊತ್ತುಮಾಡುವ ನಮಗೆ ಇದು ಹುಡುಗಾಟವೆಂದು ತೋರಬಹುದು. ಆದರೂ ಅರೆದಿನದಲ್ಲಿ, ಬರಿಯ ಮುಖನೋಡಿ ಮಾಡಿಕೊಂಡ ಈ ಸಂಬಂಧಗಳು ಬಲುಗಟ್ಟಿಯಾಗಿ ನಿಂತುವು. ಎಂಜಿನಿಯರನೂ ಎರಡನೆಯ ಬಂದೂಕಿನವನೂ ತರುವಾಯ, ದೊಡ್ಡ ವಿಮಾನವನ್ನು ಕಲಿಯುವ ಠಾಣೆಯಲ್ಲಿ, ಬಂದು ಕೂಡಿಕೊಳ್ಳುತ್ತಿದ್ದರು. ಪೈಲಟ್ಟು ಸಾರ್ಜೆಂಟನಾಗಿದ್ದು ನ್ಯಾವಿಗೇಟರನು ಮೇಲಧಿಕಾರಿಯಾಗಿರುವುದೂ ಉಂಟು. ನೆಲದ ಮೇಲೆ ಒಬ್ಬನು ಇನ್ನೊಬ್ಬನಿಗೆ ಸಲಾಮು ಮಾಡಬೇಕು, ಬೇರೆ ಬೇರೆ ಮನೆಗಳಲ್ಲಿ ಊಟಮಾಡಬೇಕು; ಆಕಾಶದಲ್ಲಿ ಮಾತ್ರ ಪೈಲಟ್ಟಿನ ಮಾತೇ ಕೊನೆಯ ಮಾತು.

ಲಿಂಕನ್‌ಷೈರ್, ಯಾರ್ಕ್‌ಷೈರ್ ಮೊದಲಾದ ಪೂರ್ವ ಇಂಗ್ಲೆಂಡಿನ ಜಿಲ್ಲೆಗಳಲ್ಲಿ, ಗೋಧಿಯ ಹೊಲಗಳ ನಡುವೆ, ಈ ಠಾಣೆಗಳು ಹರಡಿದ್ದುವು. ತಗಡಿನ ಗುಡಿಸಲುಗಳಲ್ಲಿ ವಾಸ. ದಾಳಿಯುಂಟೆಂದು ತಿಳಿದ ದಿನ ಬೆಳಗ್ಗೆಯೇ ಠಾಣೆಯಿಂದ ಹೊರಕ್ಕೆ ಟೆಲಿಫೋನು ಮಾಡುವುದು ನಿಂತುಹೋಗುವುದು. ಮಧ್ಯಾಹ್ನ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಗೋಡೆಯ ಪರದೆಯನ್ನು ಸರಿಸಿದಾಗ, ಯೂರೋಪಿನ ಭೂಪಟದ ಮೇಲೆ ತಮ್ಮ ಠಾಣೆಯಿಂದ ಗುರಿಯ ವರೆಗೆ ಎಳೆದ ಕೆಂಪು ದಾರವು ಕಾಣುವುದು. ಆ ದಾರವು ಬರ್ಲಿನ್ನಿನ ವರೆಗೆ ಹೋಗಿದ್ದರೆ ಕೋಣೆಯೆಲ್ಲ ನಿಟ್ಟುಸಿರು. ಹೊರಡುವ ಮುನ್ನ ಊಟಕ್ಕೆ ಮೊಟ್ಟೆ. ವಾರಕ್ಕೊಂದು ಮೊಟ್ಟೆ ಸಿಕ್ಕುವುದೂ ದುರ್ಲಭವಾಗಿದ್ದ ಆ ದೇಶದಲ್ಲಿ ಅದು ದೊಡ್ಡ ಮರ್ಯಾದೆ. ಊಟವಾದ ಮೇಲೆ ಜೇಬುಗಳನ್ನು ಬರಿದುಮಾಡಬೇಕು. ರೈಲಿನ ಚೀಟಿ, ಸಿನಿಮಾದ ಚೀಟಿ, ಮನೆಯಿಂದ ಬಂದ ಕಾಗದ ಯಾವುದೂ ಮೈಮೇಲೆ ಇರಕೂಡದು. ಸೆರೆಸಿಕ್ಕಿದರೆ ಶತ್ರುವಿಗೆ ಸುಳಿವಾಗುತ್ತದೆ. ಅವುಗಳ ಬದಲು ರೇಷ್ಮೆಯ ಮೇಲೆ ಅಚ್ಚುಹಾಕಿದ ಭೂಪಟ, ಪರದೇಶದ ಹಣ, ಸಣ್ಣ ದಿಕ್ಸೂಚಿ ಇವುಗಳನ್ನು ಕೊಡುತ್ತಿದ್ದರು.

ವಿಮಾನಕ್ಕೆ ನೆಲದ ಮೇಲೆಯೂ ಒಂದು ಸಂಸಾರವಿತ್ತು. ಮಳೆಗಾಳಿಯಲ್ಲಿ, ಬಯಲಿನಲ್ಲಿ ನಿಂತು ಎಂಜಿನುಗಳನ್ನು ಬಿಚ್ಚಿ ಕಟ್ಟುವ ಮೇಸ್ತ್ರಿಗಳು, ಪ್ಯಾರಾಚೂಟುಗಳನ್ನು ಮಡಿಸುವ ಹೆಂಗಸರು, ಬಾಂಬುಗಳನ್ನು ಎಳೆದು ತರುವವರು. ವಿಮಾನವು ತಮ್ಮದು, ಒಂದು ರಾತ್ರಿಯ ಮಟ್ಟಿಗೆ ಎರವಲಾಗಿ ಕೊಟ್ಟಿದ್ದೇವೆ ಎಂದು ಮೇಸ್ತ್ರಿಗಳು ತಮಾಷೆಮಾಡುತ್ತಿದ್ದರು. ಬೆಳಗಿನ ಜಾವದಲ್ಲಿ ಅದು ಬಾರದಿದ್ದರೆ ಬರಿದಾದ ಕಟ್ಟೆಯ ಬಳಿ ಬಹಳ ಹೊತ್ತು ಕಾದುನಿಲ್ಲುತ್ತಿದ್ದರು. ನಮ್ಮ ಬೆಂಗಳೂರಿನವರಿಗೂ ಈ ಕೆಲಸದ ಪರಿಚಯವುಂಟು. ೧೯೪೦ರಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ವಿಮಾನ ಕಾರ್ಖಾನೆಯಲ್ಲಿ, ೧೯೪೩ರಿಂದ ಯುದ್ಧ ಮುಗಿಯುವ ವರೆಗೆ, ಪೂರ್ವದ ರಣರಂಗದಲ್ಲಿ ಹಾರುತ್ತಿದ್ದ ಅಮೆರಿಕದ ವಿಮಾನಗಳ ದುರಸ್ತು ನಡೆಯಿತು. ಯುದ್ಧಾನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ೧೯೪೮ರಿಂದ ಇಲ್ಲಿಯ ಕೆಲಸಗಾರರೇ ಸರಿಪಡಿಸಿ ಸ್ವತಂತ್ರ ಭಾರತದ ವಾಯುಸೇನೆಗೆ ಒಪ್ಪಿಸಿದರು.

ಒಬ್ಬನು ಮೂವತ್ತು ಸಾರಿ ದಾಳಿಗೆ ಹೋಗಿಬಂದರೆ ಅವನ ಸರದಿ ಮುಗಿಯಿತು. ಆಮೇಲೆ ತರಬೇತಿನ ಠಾಣೆಯಲ್ಲಿ ಕೆಲವು ತಿಂಗಳ ವಿಶ್ರಾಂತಿ. ಮೂವತ್ತೆಂಬುದು ಕೇಳುವುದಕ್ಕೆ ಸಣ್ಣದು. ಆದರೆ ಪ್ರತಿ ದಾಳಿಯಲ್ಲಿ ನೂರಕ್ಕೆ ನಾಲ್ಕು ವಿಮಾನಗಳು ಹೋಗುತ್ತವೆಂದು ಇಟ್ಟುಕೊಂಡರೆ, ನೂರು ವಿಮಾನಗಳವರಲ್ಲಿ ಮೂವತ್ತನೆಯ ದಾಳಿಯನ್ನು ಮುಗಿಸುವವರು ಇಪ್ಪತ್ತೊಂಬತ್ತು ವಿಮಾನಗಳವರು ಮಾತ್ರ. ಕೆಲವು ರಾತ್ರಿಗಳಂತೂ ಈ ಲೆಕ್ಕವನ್ನೂ ಮೀರಿದುವು. ೧೯೪೪ರ ಮಾರ್ಚ್ ೩೦ರ ರಾತ್ರಿ ನ್ಯೂರೆಂಬರ್ಗಿಗೆ ಹೋದ ೭೯೫ ವಿಮಾನಗಳಲ್ಲಿ ೯೫ ಬಾರದೆ ಹೋದುವು. ಒಂದೇ ರಾತ್ರಿ ಐನೂರಕ್ಕೂ ಹೆಚ್ಚು ವೈಮಾನಿಕರು ಸತ್ತರು.

ಅನುಭವ ಹೆಚ್ಚಿದಂತೆ ಅಪಾಯ ಕಡಮೆಯಾಗುವುದೆಂದು ಅಧಿಕಾರಿಗಳು ಇವರಿಗೆ ಧೈರ್ಯ ಹೇಳುತ್ತಿದ್ದರು. ಮುಂದೆ ಭೌತವಿಜ್ಞಾನದಲ್ಲಿ ಪ್ರಸಿದ್ಧನಾದ ಫ್ರೀಮನ್ ಡೈಸನ್ ಆಗ ಹತ್ತೊಂಬತ್ತು ವರುಷದ ಹುಡುಗ. ೧೯೪೩ರಲ್ಲಿ ಬಾಂಬರ್ ಕಮಾಂಡಿನ ಕಚೇರಿಗೆ ಲೆಕ್ಕ ನೋಡಲು ಬಂದವನು. ನಷ್ಟದ ಅಂಕಿಗಳನ್ನು ಪರೀಕ್ಷಿಸಿದಾಗ ಅನುಭವಿಗಳೂ ಹೊಸಬರೂ ಒಂದೇ ಪ್ರಮಾಣದಲ್ಲಿ ಸಾಯುತ್ತಿದ್ದರೆಂಬುದು ಅವನಿಗೆ ಕಂಡುಬಂದಿತು. ಇನ್ನೊಂದು ಸಂಗತಿಯನ್ನೂ ಅವನು ಬರೆದಿಟ್ಟಿದ್ದಾನೆ. ಅಮೆರಿಕದ ಬಾಂಬರುಗಳು ಹಗಲಿನಲ್ಲಿ ಉರುಳಿದಾಗ ಒಳಗಿದ್ದವರಲ್ಲಿ ನೂರಕ್ಕೆ ಸುಮಾರು ಐವತ್ತು ಮಂದಿ ಹಾರಿ ಬದುಕುತ್ತಿದ್ದರು. ಬ್ರಿಟಿಷರ ಹಳೆಯ ರಾತ್ರಿ ಬಾಂಬರುಗಳಲ್ಲಿ ಇಪ್ಪತ್ತೈದು. ಲ್ಯಾಂಕಾಸ್ಟರಿನಲ್ಲಿ ಹದಿನೈದು ಮಾತ್ರ. ಆ ವಿಮಾನದ ತಪ್ಪಿಸಿಕೊಳ್ಳುವ ಕಿಂಡಿಯು ಎರಡು ಮೂರು ಅಂಗುಲ ಕಿರಿದಾಗಿತ್ತು. ಅದನ್ನು ಅಗಲಿಸಬೇಕೆಂದು ಹೋರಾಡಿದವರಿದ್ದರು. ಕಾಗದಪತ್ರಗಳು ಓಡಾಡುತ್ತಿದ್ದಂತೆ ಯುದ್ಧವೇ ಮುಗಿಯುತ್ತ ಬಂದಿತು.

ಇಂಥ ಲೆಕ್ಕವನ್ನು ಹಾರುವವರೂ ಬೆರಳೆಣಿಕೆಯಿಂದ ಬಲ್ಲವರೇ. ಆದರೂ ಬಹುಮಂದಿ ಮತ್ತೆ ಮತ್ತೆ ಹೋದರು. ಹಾರಲಾರೆನೆಂದವನ ಕಾಗದದ ಮೇಲೆ 'ನೈತಿಕ ಸ್ಥೈರ್ಯವಿಲ್ಲದವನು' ಎಂಬರ್ಥದ ಮೂರು ಅಕ್ಷರಗಳನ್ನು ಬರೆದು, ಪದವಿಯನ್ನು ಕಿತ್ತು, ಠಾಣೆಯಿಂದ ಸಾಗಹಾಕುತ್ತಿದ್ದರು. ಇಪ್ಪತ್ತು ರಾತ್ರಿ ಬೆಂಕಿಯನ್ನು ಹಾದುಬಂದು ಇಪ್ಪತ್ತೊಂದನೆಯ ರಾತ್ರಿ ಕೈಕಾಲು ನಡುಗಿದವನಿಗೂ ಇದೇ ಗತಿಯಾಗಬಹುದಾಗಿತ್ತು. ಈ ಅವಮಾನದ ಭಯವು ಒಂದು ಕಡೆ. ಆದರೆ ಅದಕ್ಕಿಂತಲೂ ಬಲವಾದುದು ಉಳಿದ ಆರು ಮಂದಿಯ ಮುಖ. ಕೆನಡಾದ ಆಂಡ್ರೂ ಮೈನಾರ್ಸ್ಕಿ ಎಂಬ ಬಂದೂಕಿನವನ ಕಥೆ ಇದಕ್ಕೆ ಸಾಕ್ಷಿ. ೧೯೪೪ರ ಜೂನ್ ೧೨ರ ರಾತ್ರಿ ಫ್ರಾನ್ಸಿನ ಮೇಲೆ ಅವನ ಲ್ಯಾಂಕಾಸ್ಟರಿಗೆ ಬೆಂಕಿ ಹತ್ತಿತು, ಹಾರಿಕೊಳ್ಳಿರೆಂದು ಆಜ್ಞೆಯಾಯಿತು. ಬಾಲದ ಗೂಡಿನಲ್ಲಿದ್ದ ಗೆಳೆಯ ಬ್ರೋಫಿ ಸಿಕ್ಕಿಹಾಕಿಕೊಂಡಿದ್ದುದನ್ನು ಕಂಡು ಮೈನಾರ್ಸ್ಕಿಯು ಉರಿಯ ನಡುವೆ ತೆವಳಿಹೋಗಿ ಗೂಡನ್ನು ತಿರುಗಿಸಲು ಹೆಣಗಿದನು. ಆಗಲಿಲ್ಲ. ಗೆಳೆಯನೇ ಹೋಗೆಂದು ಸನ್ನೆಮಾಡಿದನು. ಬಟ್ಟೆ ಉರಿಯುತ್ತಿರಲು ಅವನ ಕಡೆಗೆ ತಿರುಗಿ ಸಲಾಮು ಮಾಡಿ ಹಾರಿದ ಮೈನಾರ್ಸ್ಕಿಯು ಸುಟ್ಟ ಗಾಯಗಳಿಂದ ಸತ್ತನು. ವಿಮಾನವು ನೆಲಕ್ಕೆ ಬಡಿದಾಗ ಬ್ರೋಫಿಯು ದೂರಕ್ಕೆ ಎಸೆಯಲ್ಪಟ್ಟು ಬದುಕಿಕೊಂಡನು. ಅವನು ಹೇಳಿದುದರಿಂದಲೇ ಲೋಕಕ್ಕೆ ಈ ಸಂಗತಿ ತಿಳಿದು, ೧೯೪೬ರಲ್ಲಿ ಸತ್ತವನಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು.

ಇನ್ನು ಮನೆಗೆ ಬರೆದ ಕಾಗದಗಳ ಮಾತು. ವೈಮಾನಿಕನಿಗೆ ಎರಡು ಬರವಣಿಗೆಗಳಿದ್ದುವು. ಒಂದು ಹಾರಾಟದ ದಿನಚರಿಯ ಪುಸ್ತಕ. ರಾತ್ರಿಯ ಹಾರಾಟವನ್ನು ಕೆಂಪು ಮಸಿಯಲ್ಲಿ ಬರೆಯುವುದು ಪದ್ಧತಿ: ತಾರೀಖು, ವಿಮಾನದ ಗುರುತು, ಊರಿನ ಹೆಸರು, ಗಂಟೆ. ಇನ್ನೊಂದು ತಾಯಿಗೋ ಹೆಂಡತಿಗೋ ಬರೆಯುವ ಕಾಗದ. ಅದರಲ್ಲಿ ಊರಿನ ಹೆಸರು ಇರಕೂಡದು, ಗೆಳೆಯರು ಎಷ್ಟು ಮಂದಿ ಬರಲಿಲ್ಲವೆಂಬುದು ಇರಕೂಡದು. ಆದುದರಿಂದ ಕಾಗದವು ಬೇರೆ ಸಂಗತಿಗಳಿಂದ ತುಂಬಿತು: ಅಗಸನು ಅಂಗಿ ಕಳೆದುದು, ಠಾಣೆಯ ಕೆಸರು, ಕಾಲುಚೀಲ ಬೇಕೆಂಬ ಬೇಡಿಕೆ, ತಂಗಿಯ ಪರೀಕ್ಷೆ, ಸಾಕಿದ ನಾಯಿಯ ಕ್ಷೇಮ, ಮುಂದಿನ ರಜಾದ ಆಸೆ. ಇವುಗಳನ್ನು ಓದಿ, ಇವರಿಗೆ ಭಯವೇ ಇರಲಿಲ್ಲವೆಂದು ತಿಳಿಯುವವನು ಕಾಗದವನ್ನು ಓದಲರಿಯನು. ನಿಯಮವು ಅರ್ಧ ಬಾಯಿ ಕಟ್ಟಿತು; ಉಳಿದರ್ಧವನ್ನು ಮಮತೆಯೇ ಕಟ್ಟಿತು. ಮಗನು ಬರೆಯದೆ ಬಿಟ್ಟುದನ್ನು ತಾಯಿಯು ಓದಿಕೊಂಡಳು. ಓದಿಕೊಂಡೆನೆಂದು ಅವಳೂ ಮಾರುತ್ತರದಲ್ಲಿ ಬರೆಯಲಿಲ್ಲ.

ಇದಲ್ಲದೆ ಮೂರನೆಯ ಬಗೆಯ ಕಾಗದವೊಂದಿತ್ತು. ತಾನು ಬಾರದಿದ್ದರೆ ಮಾತ್ರ ಮನೆಗೆ ಕಳುಹಿಸತಕ್ಕದ್ದೆಂದು ಬರೆದು ಪೆಟ್ಟಿಗೆಯಲ್ಲಿಟ್ಟು ಹೋಗುತ್ತಿದ್ದ ಕಾಗದ. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ವಿವಿಯನ್ ರೋಸ್‌ವಾರ್ನ್ ಎಂಬ ಇಪ್ಪತ್ತಮೂರು ವರುಷದ ವೈಮಾನಿಕನದು. ೧೯೪೦ರ ಮೇ ೩೦ರಂದು, ಡಂಕರ್ಕಿನಿಂದ ಸೈನ್ಯವು ಹಿಂತೆಗೆಯುತ್ತಿದ್ದಾಗ, ಅವನಿದ್ದ ವೆಲಿಂಗ್ಟನ್ ವಿಮಾನವು ಬೆಲ್ಜಿಯಮ್ಮಿನ ಮೇಲೆ ಬಿದ್ದಿತು. ಅವನ ಸಾಮಾನುಗಳಲ್ಲಿ ತಾಯಿಗೆ ಬರೆದಿಟ್ಟ ಕಾಗದವು ಸಿಕ್ಕಿತು. ಠಾಣೆಯ ಅಧಿಕಾರಿಯು ನಿಯಮದಂತೆ ಅದನ್ನು ಓದಿ, ತಾಯಿಯ ಅನುಮತಿಯನ್ನು ಬೇಡಿ, ಹೆಸರು ಹೇಳದೆ ಪತ್ರಿಕೆಗೆ ಕೊಟ್ಟನು. ಜೂನ್ ೧೮ರ 'ಟೈಮ್ಸ್' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಫ್ರಾನ್ಸು ಸಂಧಿಗೆ ಕೈಚಾಚಿದ ಮರುದಿನವದು. ಕಿರುಹೊತ್ತಗೆಯಾಗಿ ಅದರ ಪ್ರತಿಗಳು ಲಕ್ಷಗಟ್ಟಲೆ ಮಾರಿದುವು. ಮರುವರುಷ ಚಲಚ್ಚಿತ್ರವೂ ಬಂದಿತು. ತನ್ನನ್ನು ಸಾಕಿದ ತಾಯಿಯ ತ್ಯಾಗವು ತನ್ನದಕ್ಕಿಂತ ದೊಡ್ಡದೆಂಬ ಭಾವವು ಅದರ ತಿರುಳು. ಅದು ಉದಾತ್ತವಾದ ಕಾಗದ. ದೇಶದ ಕಷ್ಟಕಾಲದಲ್ಲಿ ಉಪಯೋಗಕ್ಕೂ ಬಂದಿತು. ಆದರೆ ಕಾಲುಚೀಲವನ್ನು ಕೇಳಿದ ಸಾವಿರಾರು ಕಾಗದಗಳು ಅದಕ್ಕಿಂತ ಕಡಮೆಯ ಸಾಕ್ಷಿಗಳಲ್ಲ.

ವಿಮಾನವು ಬಾರದಿದ್ದರೆ ಮೊದಲು ತಂತಿ. ಹಿಂದೆಯೇ ದಳದ ಅಧಿಕಾರಿಯ ಕೈಬರಹದ ಕಾಗದ. ಠಾಣೆಯಲ್ಲಿ ಅಡ್ಜಸ್ಟ್‌ಮೆಂಟ್ ಕಮಿಟಿಯೆಂಬ ಹೆಸರಿನವರು ಬಂದು ಹಾಸಿಗೆಯ ಬಳಿಯ ಸಾಮಾನುಗಳನ್ನು ಪಟ್ಟಿಮಾಡಿ, ಮನೆಯವರ ಮನಸ್ಸು ನೋಯಬಹುದಾದ ಕಾಗದಗಳೇನಾದರೂ ಇದ್ದರೆ ತೆಗೆದುಹಾಕಿ, ಉಳಿದುದನ್ನು ಕಟ್ಟಿ ಕಳುಹಿಸುತ್ತಿದ್ದರು. ಸಂಜೆಯೊಳಗೆ ಆ ಹಾಸಿಗೆಗೆ ಹೊಸಬನು ಬರುತ್ತಿದ್ದನು. ೧೯೪೩ರ ಮೇ ೧೬ರ ರಾತ್ರಿ ರೂರ್ ಪ್ರಾಂತದ ಅಣೆಕಟ್ಟುಗಳನ್ನು ಒಡೆಯಲು ಹೋದ ಹತ್ತೊಂಬತ್ತು ವಿಮಾನಗಳಲ್ಲಿ ಎಂಟು ಬಾರಲಿಲ್ಲ. ಇಂಗ್ಲೆಂಡೆಲ್ಲ ವಿಜಯೋತ್ಸಾಹದಲ್ಲಿದ್ದಾಗ ಆ ದಳದ ಕಚೇರಿಯಲ್ಲಿ ಐವತ್ತಾರು ಮನೆಗಳಿಗೆ ಕಾಗದ ಬರೆಯುವ ಕೆಲಸ ನಡೆಯುತ್ತಿತ್ತು.

ತಂತಿಯಲ್ಲಿದ್ದ ಮಾತು 'ಸತ್ತನು' ಎಂದಲ್ಲ, 'ಕಾಣೆಯಾಗಿದ್ದಾನೆ' ಎಂದು. ಆ ಒಂದು ಮಾತಿನ ಮೇಲೆ ಮನೆಯವರು ತಿಂಗಳುಗಟ್ಟಲೆ ಬದುಕಬೇಕಾಗಿತ್ತು. ಕೆಲವರಿಗೆ ಸೆರೆಮನೆಯಿಂದ ಒಂದು ಕಾರ್ಡು ಬರುತ್ತಿತ್ತು. ಬಹುಮಂದಿಗೆ ಆರು ತಿಂಗಳ ತರುವಾಯ, ಸತ್ತನೆಂದು ಭಾವಿಸಲಾಗಿದೆಯೆಂಬ ಸರಕಾರಿ ಕಾಗದ. ಯುದ್ಧ ಮುಗಿದ ಮೇಲೆ, ಕಾಣೆಯಾದ ಸುಮಾರು ೪೨,೦೦೦ ವೈಮಾನಿಕರನ್ನು ಹುಡುಕಲು ವಾಯುಸೇನೆಯು ವಿಶೇಷ ತಂಡಗಳನ್ನು ಯೂರೋಪಿಗೆ ಕಳುಹಿಸಿತು. ಅವರು ಹಳ್ಳಿ ಹಳ್ಳಿಗಳ ಸ್ಮಶಾನಗಳಲ್ಲಿ ವಿಚಾರಿಸಿ, ಎಂಜಿನಿನ ಅಂಕಿಯಿಂದಲೋ, ಅಂಗಿಯ ಮೇಲೆ ಅಗಸನು ಹಾಕಿದ ಗುರುತಿನಿಂದಲೋ ಗುರುತುಹಿಡಿದು, ಅರ್ಧಕ್ಕೂ ಹೆಚ್ಚು ಮಂದಿಗೆ ಹೆಸರುಳ್ಳ ಸಮಾಧಿಯನ್ನು ಒದಗಿಸಿದರು. ಸಮಾಧಿಯೇ ತಿಳಿಯದ ೨೦,೦೦೦ಕ್ಕೂ ಹೆಚ್ಚು ವೈಮಾನಿಕರ ಹೆಸರುಗಳನ್ನು ರನ್ನಿಮೀಡ್ ಎಂಬಲ್ಲಿ ಕಲ್ಲಿನ ಮೇಲೆ ಕೆತ್ತಿ, ಆ ಸ್ಮಾರಕವನ್ನು ೧೯೫೩ರಲ್ಲಿ ತೆರೆಯಲಾಯಿತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಬಾಂಬುಗಳು ಬಿದ್ದ ಕಡೆಯಲ್ಲಿಯೂ ಮನೆಗಳಿದ್ದುವು. ಮೊದಲು ರಾಟರ್‌ಡ್ಯಾಮನ್ನೂ ಲಂಡನ್ನನ್ನೂ ಕವೆಂಟ್ರಿಯನ್ನೂ ಸುಟ್ಟವರು ಜರ್ಮನರೆಂಬುದು ದಿಟ. ಅವರ ದಾಳಿಗಳಿಂದ ಬ್ರಿಟನ್ನಿನಲ್ಲಿ ೪೦,೦೦೦ಕ್ಕೂ ಹೆಚ್ಚು ಜನ ೧೯೪೦-೪೧ರಲ್ಲಿಯೇ ಸತ್ತರು. ಆದರೆ ೧೯೪೩ರ ಜುಲೈ ತಿಂಗಳ ಕೊನೆಯಲ್ಲಿ ಹ್ಯಾಂಬರ್ಗಿನಲ್ಲಿ ಎದ್ದ ಬೆಂಕಿಯ ಬಿರುಗಾಳಿಯು ಒಂದು ವಾರದಲ್ಲಿ ಸುಮಾರು ಅಷ್ಟೇ ಜನರನ್ನು ನುಂಗಿತು. ೧೯೪೫ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ನಿನಲ್ಲಿ ಸುಮಾರು ೨೫,೦೦೦ ಮಂದಿ ಸತ್ತರು. ಅವರಲ್ಲಿ ಮುದುಕರು, ಮಕ್ಕಳು, ಬೇರೆ ದೇಶಗಳಿಂದ ಹಿಡಿದುತಂದ ಕೂಲಿಗಳು ಎಲ್ಲರೂ ಇದ್ದರು. ಇಪ್ಪತ್ತು ಸಾವಿರ ಅಡಿಗಳ ಮೇಲಿನಿಂದ ನೋಡಿದವನಿಗೆ ಅದು ದೀಪಗಳ ಹರಹಿನಂತೆ ಕಾಣುತ್ತಿತ್ತು. ಕೆಳಗೇನಾಗುತ್ತಿದೆಯೆಂದು ಯೋಚಿಸದಿರುವುದು ಕೆಲವರಿಗೆ ಸಾಧ್ಯವಾಯಿತು. ಕೆಲವರು ಬದುಕಿರುವ ತನಕ ಅದನ್ನೇ ಯೋಚಿಸಿದರು. ಯುದ್ಧ ಗೆದ್ದಾಗ ಆಳುವವರಿಗೂ ಇದು ಇರುಸುಮುರುಸಾಯಿತು. ೧೯೪೫ರ ಮೇ ತಿಂಗಳ ವಿಜಯಭಾಷಣದಲ್ಲಿ ಚರ್ಚಿಲ್ ಈ ದಳದ ಮುಖ್ಯ ಕಾರ್ಯವನ್ನು ಎತ್ತಿ ಹೇಳಲಿಲ್ಲ. ಪ್ರತ್ಯೇಕವಾದ ಪದಕವೂ ದೊರೆಯಲಿಲ್ಲ. ಆಜ್ಞೆಯನ್ನು ಕೊಟ್ಟವರ ಹೊಣೆಯನ್ನು ಆಜ್ಞೆಯನ್ನು ನಡೆಸಿದ ಹುಡುಗರ ನೆನಪಿನ ಮೇಲೆ ಹೊರಿಸಿದಂತಾಯಿತು.

ಯುದ್ಧದ ಕೊನೆಯ ದಿನಗಳ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ೧೯೪೫ರ ಏಪ್ರಿಲ್ ೨೯ರಿಂದ ಮೇ ೮ರ ವರೆಗೆ, ಜರ್ಮನರ ಹಿಡಿತದಲ್ಲಿ ಅನ್ನವಿಲ್ಲದೆ ಸಾಯುತ್ತಿದ್ದ ಹಾಲೆಂಡಿನ ಜನರಿಗೆ ಇದೇ ಲ್ಯಾಂಕಾಸ್ಟರುಗಳು ಹಗಲಿನಲ್ಲಿ, ಮನೆಗಳ ಮಾಡಿನಷ್ಟು ಕೆಳಗೆ ಹಾರಿ, ೬,೦೦೦ ಟನ್ನುಗಳಿಗೂ ಮೇಲೆ ಆಹಾರವನ್ನು ಇಳಿಸಿದುವು. ಹೊಲದ ಹೂಗಳನ್ನೇ ಅಕ್ಷರವಾಗಿ ಜೋಡಿಸಿ ಆ ಜನರು ತಮ್ಮ ಕೃತಜ್ಞತೆಯನ್ನು ತಿಳಿಸಿದರು. ಅದೇ ದಿನಗಳಲ್ಲಿ ಬಾಂಬು ತುಂಬುತ್ತಿದ್ದ ವಿಮಾನಗಳು ಸೆರೆಯಿಂದ ಬಿಡುಗಡೆಯಾದ ಸುಮಾರು ೭೫,೦೦೦ ಮಂದಿಯನ್ನು ಸ್ವದೇಶಕ್ಕೆ ಕರೆತಂದುವು. ಅದೇ ವಿಮಾನ, ಅದೇ ಏಳು ಮಂದಿ. ಆಜ್ಞೆ ಮಾತ್ರ ಬೇರೆ.

ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಈ ದಳದವರಿಗೆ ಸ್ಮಾರಕವು ಏಳುವುದಕ್ಕೆ ೨೦೧೨ರ ವರೆಗೆ ಕಾಯಬೇಕಾಯಿತು. ಆಗತಾನೆ ವಿಮಾನದಿಂದಿಳಿದು ನಿಂತಂತಿರುವ ಏಳು ಮಂದಿಯ ಕಂಚಿನ ವಿಗ್ರಹಗಳು ಅಲ್ಲಿವೆ. ೧೯೩೯ರಿಂದ ೧೯೪೫ರ ವರೆಗಿನ ಬಾಂಬುದಾಳಿಗಳಲ್ಲಿ ಪ್ರಾಣವನ್ನು ಕಳೆದುಕೊಂಡ ಎಲ್ಲ ದೇಶಗಳವರನ್ನೂ ಸ್ಮರಿಸುವ ಮಾತನ್ನೂ ಅದೇ ಕಲ್ಲಿನ ಮೇಲೆ ಕೆತ್ತಿದ್ದಾರೆ. ಇದು ಯೋಗ್ಯವಾದ ಕೆಲಸ. ಹಾರಿದವರ ಧೈರ್ಯವನ್ನು ಹೇಳುವ ಭರದಲ್ಲಿ ಸುಟ್ಟ ಊರುಗಳನ್ನು ಮರೆಯಬಾರದು. ಸುಟ್ಟ ಊರುಗಳ ದುಃಖದಲ್ಲಿ, ಮೊಟ್ಟೆಯ ಊಟ ಮುಗಿಸಿ, ಜೇಬು ಬರಿದುಮಾಡಿ ಕತ್ತಲೆಗೆ ಹೊರಟ ಹುಡುಗರನ್ನೂ ಮರೆಯಬಾರದು. ಸಾವಿರಗಳ ಲೆಕ್ಕದಿಂದ ಯುದ್ಧದ ಗಾತ್ರ ತಿಳಿಯುತ್ತದೆ. ಅದರ ತೂಕವನ್ನು ತಿಳಿಯಬೇಕಾದರೆ, ಆ ತಂತಿಯನ್ನು ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತವರನ್ನು, ಅವರು ಯಾವ ದೇಶದವರೇ ಆಗಿರಲಿ, ನೆನೆದುಕೊಳ್ಳಬೇಕು.